ಕರುಳಿಗೆ ಆರು ಗಂಟೆ, ಯಂತ್ರಕ್ಕೆ ಐದು ಸೆಕೆಂಡು

ಹೊಕ್ಕುಳಿಗಿಂತ ನಾಲ್ಕೈದು ಬೆರಳು ಮೇಲೆ, ಹೊಟ್ಟೆಯ ಆಳದಲ್ಲಿ, ಬೆನ್ನುಮೂಳೆಗೆ ಒತ್ತಿಕೊಂಡು ಇಳಿಯುವ ಮಹಾಪಧಮನಿಯಿಂದ ಒಂದು ಕವಲು ಹೊರಡುತ್ತದೆ. ಅದರ ಅಡ್ಡಳತೆ ಸುಮಾರು 7 ಮಿಲಿಮೀಟರ್, ಅಂದರೆ ಒಂದು ಪೆನ್ಸಿಲ್ಲಿನ ದಪ್ಪ. ವೈದ್ಯರು ಅದನ್ನು ಸುಪೀರಿಯರ್ ಮೆಸೆಂಟರಿಕ್ ಆರ್ಟರಿ ಎನ್ನುತ್ತಾರೆ. ಆಸ್ಪತ್ರೆಯ ಓಡಾಟದ ಮಾತಿನಲ್ಲಿ ಎಸ್‌ಎಂಎ. ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು ಬಹುತೇಕ ಪೂರ್ತಿಯಾಗಿ, ದೊಡ್ಡ ಕರುಳು ಹೆಚ್ಚುಕಡಿಮೆ ಅರ್ಧದಷ್ಟು, ಈ ಒಂದೇ ನಾಳದ ರಕ್ತವನ್ನು ನಂಬಿ ಬದುಕಿವೆ.

ಖಾಲಿ ಹೊಟ್ಟೆಯಲ್ಲಿ ಈ ನಾಳದೊಳಗೆ ಹರಿಯುವ ರಕ್ತ ನಿಮಿಷಕ್ಕೆ ಸುಮಾರು ಅರ್ಧ ಲೀಟರ್. ಗಂಟೆಗೆ 30 ಲೀಟರ್, ದಿನಕ್ಕೆ 720 ಲೀಟರ್. ಇದೇ ಗತಿಯಲ್ಲಿ 70 ವರ್ಷ ಹರಿದರೆ 1 ಕೋಟಿ 84 ಲಕ್ಷ ಲೀಟರ್. ಒಲಿಂಪಿಕ್ ಈಜುಕೊಳವೊಂದಕ್ಕೆ 25 ಲಕ್ಷ ಲೀಟರ್ ನೀರು ಬೇಕು. ಅಂಥ ಏಳು ಕೊಳಗಳು ತುಂಬಿ ಇನ್ನೂ ಮಿಗುತ್ತದೆ. ಅದೂ ಜೀವಮಾನವಿಡೀ ಉಪವಾಸ ಕೂತವನ ಲೆಕ್ಕ! ಚೆನ್ನಾಗಿ ಊಟ ಮಾಡಿ ಎದ್ದರೆ ಅದೇ ಪೆನ್ಸಿಲ್ ದಪ್ಪದ ನಾಳದಲ್ಲಿ ನಿಮಿಷಕ್ಕೆ 1.4 ಲೀಟರ್‌ವರೆಗೂ ರಕ್ತ ನುಗ್ಗುತ್ತದೆ. ಹೃದಯ ನಿಮಿಷಕ್ಕೆ ಹೊರಹಾಕುವುದೇ ಸುಮಾರು 5 ಲೀಟರ್. ಅದರಲ್ಲಿ ಕಾಲು ಭಾಗಕ್ಕೂ ಹೆಚ್ಚು, ಒಂದು ಊಟದ ಸಲುವಾಗಿ, ಒಂದು ನಾಳದ ಪಾಲು.

ಲೀಟರ್ ಬಿಟ್ಟು ಕಣಗಳನ್ನು ಎಣಿಸಿದರೆ ತಲೆ ತಿರುಗುತ್ತದೆ. ಒಂದು ಮೈಕ್ರೊಲೀಟರ್ ರಕ್ತದಲ್ಲಿ, ಅಂದರೆ ಒಂದು ಲೀಟರಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ, ಸುಮಾರು 50 ಲಕ್ಷ ಕೆಂಪು ರಕ್ತಕಣಗಳಿವೆ. ಹಾಗಾದರೆ ಎಸ್‌ಎಂಎ ಮೂಲಕ ಒಂದು ನಿಮಿಷಕ್ಕೆ ಸಾಗುವ ಕೆಂಪುಕಣಗಳು 2.5 ಲಕ್ಷ ಕೋಟಿ. ಒಂದೊಂದು ಕಣದ ಅಗಲ ಮಿಲಿಮೀಟರಿನ ಸಾವಿರದ ಏಳೂವರೆ ಪಾಲು. ಒಂದು ನಿಮಿಷದ ಕಣಗಳನ್ನು ಅಂಚಿಗೆ ಅಂಚು ತಾಗಿಸಿ ಸಾಲಾಗಿ ಇಟ್ಟರೆ ಆ ಸಾಲಿನ ಉದ್ದ 18,750 ಕಿಲೋಮೀಟರ್. ಎರಡೂಕಾಲು ನಿಮಿಷದೊಳಗೆ ಸಾಲು ಭೂಮಿಯನ್ನು ಒಂದು ಸುತ್ತು ಹಾಕಿರುತ್ತದೆ. ಇಪ್ಪತ್ತೊಂದು ನಿಮಿಷದೊಳಗೆ ಚಂದ್ರನನ್ನು ಮುಟ್ಟಿರುತ್ತದೆ. ಊಟವಾಗಿದ್ದರೆ ಚಂದ್ರನಿಗೆ ಏಳೂವರೆ ನಿಮಿಷ ಸಾಕು. ಉಪವಾಸದ ಗತಿಯಲ್ಲೇ ಸೋಮವಾರ ಬೆಳಿಗ್ಗೆ ಆರಕ್ಕೆ ಎಣಿಕೆ ಶುರು ಮಾಡಿದರೂ ಶನಿವಾರ ಸಂಜೆಯ ಹೊತ್ತಿಗೆ ಸಾಲು ಸೂರ್ಯನವರೆಗೆ ಹೋಗಿರುತ್ತದೆ. ಸುತ್ತಿ ಸುತ್ತಿ ಬರುವುದು ಅವೇ ಕಣಗಳು ನಿಜ. ಆದರೆ ಪ್ರತಿ ಸಲವೂ ಅವು ಆಮ್ಲಜನಕ ಹೊತ್ತುಕೊಂಡೇ ಬರಬೇಕು, ಈ ಒಂದು ನಾಳದ ಬಾಯಿಂದಲೇ ಒಳಗೆ ಹೋಗಬೇಕು.

ಇಷ್ಟು ರಕ್ತ ಯಾತಕ್ಕೆ? ಕರುಳಿನ ಒಳಮೈ ನೋಡಿದರೆ ಕೇಳುವ ಮನಸ್ಸಾಗುವುದಿಲ್ಲ. ಕರುಳಿನ ಒಳಗೋಡೆಯನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಪಠ್ಯಪುಸ್ತಕಗಳು ದಶಕಗಳ ಕಾಲ ಹೇಳಿದವು. 2014ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಇಬ್ಬರು ವಿಜ್ಞಾನಿಗಳು, ಹೆಲಾಂಡರ್ ಮತ್ತು ಫಾಂಡ್ರಿಕ್ಸ್, ಮತ್ತೆ ಅಳೆದು ಬಾಯಿಯಿಂದ ಗುದದವರೆಗಿನ ಒಟ್ಟು ಒಳಮೈ ಸುಮಾರು 32 ಚದರ ಮೀಟರ್ ಎಂದರು. ಅರ್ಧ ಬ್ಯಾಡ್ಮಿಂಟನ್ ಅಂಗಳ. ಅಂಕಿ ಕುಗ್ಗಿತೆಂದು ನನಗೇನೂ ಬೇಸರವಿಲ್ಲ. ಮೈಮೇಲಿನ ಚರ್ಮ ಪೂರ್ತಿ ಸೇರಿದರೂ ಸುಮಾರು 2 ಚದರ ಮೀಟರ್. ಅದರ ಹದಿನಾರು ಪಟ್ಟು ಹಾಸನ್ನು ಮಡಚಿ ಮಡಚಿ ಹೊಟ್ಟೆಯೊಳಗೆ ಇಟ್ಟುಕೊಂಡು ನಾವು ಬಸ್ಸು ಹತ್ತುತ್ತೇವೆ. ಇದರಲ್ಲಿ ಸಣ್ಣ ಕರುಳಿನ ಪಾಲೇ ಸುಮಾರು 30 ಚದರ ಮೀಟರ್. ಎಸ್‌ಎಂಎಯ ಬಾಯಿಯ ವಿಸ್ತೀರ್ಣ 38 ಚದರ ಮಿಲಿಮೀಟರ್. ಭಾಗಿಸಿ ನೋಡಿ: ತನ್ನ ಬಾಯಿಗಿಂತ ಸುಮಾರು 7.8 ಲಕ್ಷ ಪಟ್ಟು ದೊಡ್ಡ ಮೈಯನ್ನು ಈ ನಾಳ ಸಾಕುತ್ತಿದೆ.

ಆ ಮೈಯೂ ಸುಮ್ಮನೆ ಬಿದ್ದುಕೊಂಡದ್ದಲ್ಲ. ಅದರ ಒಂದೇ ಒಂದು ಚದರ ಮಿಲಿಮೀಟರಿನಲ್ಲಿ, ಒಂದು ಸಾಸಿವೆ ಕಾಳು ಮುಚ್ಚುವ ಜಾಗಕ್ಕಿಂತಲೂ ಚಿಕ್ಕದರಲ್ಲಿ, ಸುಮಾರು 20 ಕೋಟಿ ಸೂಕ್ಷ್ಮ ಎಳೆಗಳು ನಿಂತಿವೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಮೂರು ಕರ್ನಾಟಕಗಳ ಜನರನ್ನು ತಂದು ನಿಲ್ಲಿಸಿದರೂ ಆ ಚುಕ್ಕೆಯಲ್ಲಿ ಇನ್ನೂ ಜಾಗವಿದೆ! ಈ ಒಳಪದರ 3ರಿಂದ 5 ದಿನಕ್ಕೊಮ್ಮೆ ಪೂರ್ತಿ ಉದುರಿ ಹೊಸದಾಗಿ ಬೆಳೆಯುತ್ತದೆ. ನಾಲ್ಕು ದಿನ ಎಂದು ಹಿಡಿದರೆ 70 ವರ್ಷದಲ್ಲಿ 6,300ಕ್ಕೂ ಹೆಚ್ಚು ಸಲ. ಇನ್ನು ಪದರದ ಆಚೆ ಇರುವ ನಿವಾಸಿಗಳು. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದರು. ಬಹುಪಾಲು ದೊಡ್ಡ ಕರುಳಿನಲ್ಲಿ. ಭೂಮಿಯ ಮೇಲಿರುವ 800 ಕೋಟಿ ಜನರನ್ನು ಒಂದು ಊರು ಎಂದುಕೊಂಡರೆ, ಅಂಥ 4,750 ಊರುಗಳು. ಎಲ್ಲ ಸೇರಿ ತೂಕ ಮಾತ್ರ ಕಾಲು ಕಿಲೋಗಿಂತ ಕಡಿಮೆ. ಆ ಜನಸಾಗರಕ್ಕೂ ನಮ್ಮ ರಕ್ತಕ್ಕೂ ನಡುವೆ ಇರುವುದು 3 ಮಿಲಿಮೀಟರ್ ಕೂಡ ದಪ್ಪವಿಲ್ಲದ ಒಂದು ಗೋಡೆ.

ಈಗ ಆ ಪೆನ್ಸಿಲ್ ದಪ್ಪದ ನಾಳ ಕಟ್ಟಿಕೊಂಡಿತು ಎನ್ನಿ.

ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಹೀಗಾಗುವುದು ಹೃದಯದಿಂದ ಹಾರಿಬಂದ ರಕ್ತದ ಹೆಪ್ಪಿನಿಂದ. ಬಡಿತ ತಾಳ ತಪ್ಪಿದ ಹೃದಯದ ಮೂಲೆಯಲ್ಲಿ ಕಟ್ಟಿಕೊಂಡ ಹೆಪ್ಪು ಕಳಚಿ ಹರಿವಿನೊಂದಿಗೆ ಹೊರಟು, ಎಸ್‌ಎಂಎ ಹೊಕ್ಕು, ಬಾಯಿಂದ 3ರಿಂದ 10 ಸೆಂಟಿಮೀಟರ್ ಒಳಗೆ ನಾಳ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಉಳಿದವರಲ್ಲಿ ಕೆಲವರಿಗೆ ನಾಳದ ಗೋಡೆಯೇ ಕೊಬ್ಬುಗಟ್ಟಿ ಮುಚ್ಚಿರುತ್ತದೆ, ಕೆಲವರಿಗೆ ರಕ್ತ ಹಿಂತಿರುಗುವ ಅಭಿಧಮನಿ ಕಟ್ಟಿರುತ್ತದೆ, ಇನ್ನು ಕೆಲವರಿಗೆ ಏನೂ ಕಟ್ಟದೆ ನಾಳಗಳೇ ಸೆಟೆದುಕೊಂಡಿರುತ್ತವೆ. ಕರುಳಿನ ತಾಳ್ಮೆ ದೊಡ್ಡದು. ರಕ್ತದ ಹರಿವಿನಲ್ಲಿ ಶೇ 75ರಷ್ಟು ಕಡಿತವಾದರೂ 12 ಗಂಟೆಯವರೆಗೆ ಅದು ಹೆಚ್ಚಿನ ಪೆಟ್ಟಿಲ್ಲದೆ ತಡೆದುಕೊಳ್ಳಬಲ್ಲದು. ನಾಲ್ಕರಲ್ಲಿ ಮೂರು ಪಾಲು ಕಿತ್ತುಕೊಂಡರೂ ಅರ್ಧ ದಿನ! ಆದರೆ ಹರಿವು ಪೂರ್ತಿ ನಿಂತರೆ ಸುಮಾರು 6 ಗಂಟೆ. ಅಷ್ಟರಲ್ಲಿ ಗೋಡೆ ಒಳಗಿಂದ ಹೊರಗಿನವರೆಗೆ ಸಾಯುತ್ತದೆ, ಆ 4,750 ಊರುಗಳಿಗೆ ಬಾಗಿಲು ತೆರೆಯುತ್ತದೆ.

ತುರ್ತು ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರುವ ಸಾವಿರ ಜನರಲ್ಲಿ ಇಂಥವರು ಒಬ್ಬರೋ ಇಬ್ಬರೋ. ಅಪರೂಪ ಅನ್ನಿಸುತ್ತದೆ. ಆದರೆ ಫಿನ್ಲೆಂಡಿನ ಕುವೋಪಿಯೊ ನಗರದ ವೈದ್ಯರು ವಯಸ್ಸು ನೋಡಿ ಎಣಿಸಿದಾಗ ಬೇರೆಯೇ ಚಿತ್ರ ಕಂಡಿತು: 75 ದಾಟಿದವರಲ್ಲಿ ಹಠಾತ್ ಹೊಟ್ಟೆನೋವಿಗೆ ಅಪೆಂಡಿಸೈಟಿಸ್‌ಗಿಂತಲೂ ಇದೇ ಹೆಚ್ಚು ಸಲ ಕಾರಣ. ಎಲ್ಲರಿಗೂ ಹೆಸರು ಗೊತ್ತಿರುವ ಕಾಯಿಲೆಯನ್ನು ಹೆಸರೇ ಕೇಳದ ಕಾಯಿಲೆ, ಮೆಸೆಂಟರಿಕ್ ಇಸ್ಕೀಮಿಯಾ, ಹಿಂದೆ ಹಾಕಿದೆ. ಸಾವಿನ ಪ್ರಮಾಣ ದಶಕಗಳ ಕಾಲ ನೂರಕ್ಕೆ 60ರಿಂದ 80ರ ನಡುವೆ ಇತ್ತು. ತುರ್ತು ಶಸ್ತ್ರಚಿಕಿತ್ಸಕರ ಜಾಗತಿಕ ಮಾರ್ಗಸೂಚಿಯಲ್ಲಿ ಒಂದು ಸಾಲಿನ ಲೆಕ್ಕವಿದೆ: ಪತ್ತೆ 6 ಗಂಟೆ ತಡವಾದಂತೆಲ್ಲ ಸಾವಿನ ಪ್ರಮಾಣ ಎರಡು ಪಟ್ಟಾಗುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಭಯಂಕರವಾಗಿ ಕಂಡ ಅಂಕಿ ಇದೇ. ಕ್ಯಾನ್ಸರಿನ ಲೆಕ್ಕ ತಿಂಗಳುಗಳಲ್ಲಿ, ಇದರದು ಮಧ್ಯಾಹ್ನದಿಂದ ಸಂಜೆಗೆ.

ಹಾಗಾದರೆ ನೋಡುವುದು ಹೇಗೆ? ಹೊಟ್ಟೆ ಒತ್ತಿ ನೋಡಿದರೆ ಮೆತ್ತಗಿರುತ್ತದೆ; ರೋಗಿ ಮಾತ್ರ ನೋವಿನಲ್ಲಿ ಹೊರಳಾಡುತ್ತಿರುತ್ತಾನೆ. 1895ರಲ್ಲಿ ಅಮೆರಿಕದ ಬೋಸ್ಟನ್ನಿನ ಶಸ್ತ್ರವೈದ್ಯ ಎಲಿಯಟ್, ರಕ್ತ ನಿಂತು ಕೊಳೆತ ಕರುಳನ್ನು ಕತ್ತರಿಸಿ ತೆಗೆದು ರೋಗಿಯನ್ನು ಉಳಿಸಿದ ವರದಿ ಪ್ರಕಟಿಸಿದರು. ಅದೇ ವರ್ಷದ ನವೆಂಬರ್ 8ರಂದು ಜರ್ಮನಿಯಲ್ಲಿ ರಂಟ್ಜನ್ ಎಕ್ಸ್‌ರೇ ಕಂಡುಹಿಡಿದರು. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡು ಸಂಗತಿಗಳು ಒಂದನ್ನೊಂದು ಸರಿಯಾಗಿ ಭೇಟಿಯಾಗಲು ಸುಮಾರು ನೂರು ವರ್ಷ ಬೇಕಾಯಿತು! 1926ರಲ್ಲಿ ಕೊಕಿನಿಸ್ ಎಂಬ ವೈದ್ಯ ಈ ಕಾಯಿಲೆಯ ಬಗ್ಗೆಯೇ ಪುಸ್ತಕ ಬರೆದಾಗಲೂ, ಇದನ್ನು ಬದುಕಿರುವಾಗ ಗುರುತಿಸುವ ಆಸೆಯನ್ನೇ ವೈದ್ಯಲೋಕ ಬಿಟ್ಟಿತ್ತು. ಸಾದಾ ಎಕ್ಸ್‌ರೇಗೆ ರಕ್ತನಾಳ ಕಾಣುವುದಿಲ್ಲ. ತೊಡೆಯ ಸಂದಿನಿಂದ ನಳಿಗೆ ತೂರಿಸಿ ಬಣ್ಣ ಬಿಟ್ಟು ಚಿತ್ರ ತೆಗೆಯುವ ಆಂಜಿಯೋಗ್ರಾಂ ಮುಂದೆ ಬಂತು. ಅದು ಒಳ್ಳೆಯದೇ, ಆದರೆ ಅದಕ್ಕೆ ಪರಿಣತರ ತಂಡ ಬೇಕು, ಸಮಯ ಬೇಕು. ಇಲ್ಲಿ ಇಲ್ಲದಿರುವುದು ಸಮಯವೇ.

ಸಮಯದ ಕತೆ ನಿಜವಾಗಿ ತಿರುಗುವುದು ಇಂಗ್ಲೆಂಡಿನಲ್ಲಿ. ಬೀಟಲ್ಸ್ ತಂಡದ ಹಾಡುಗಳನ್ನು ಹೊರತಂದ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್, ಲೇತ್ ಯಂತ್ರದ ತಳವೊಂದರ ಮೇಲೆ ತಮ್ಮ ಮೊದಲ ಸಿಟಿ ಸ್ಕ್ಯಾನರ್ ಕಟ್ಟಿದರು. ಒಂದು ಚಿತ್ರಕ್ಕೆ ಬೇಕಾದ ಸುಮಾರು 28,000 ಅಳತೆಗಳನ್ನು ತೆಗೆಯಲು ಆ ಯಂತ್ರಕ್ಕೆ ಹಿಡಿದದ್ದು 9 ದಿನ. ಆ ಅಳತೆಗಳನ್ನು ಕಂಪ್ಯೂಟರು ಚಿತ್ರವಾಗಿ ಜೋಡಿಸಲು ಇನ್ನೂ ಎರಡೂವರೆ ಗಂಟೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳು ಸ್ಕ್ಯಾನ್ ಆಗುವ ಹೊತ್ತಿಗೆ 9 ದಿನ 5 ನಿಮಿಷಕ್ಕೆ ಇಳಿದಿತ್ತು. ಚಿತ್ರದಲ್ಲಿದ್ದದ್ದು ಉದ್ದಕ್ಕೆ 80, ಅಡ್ಡಕ್ಕೆ 80 ಚೌಕ. ಒಟ್ಟು 6,400 ಚುಕ್ಕೆ. 1979ರಲ್ಲಿ ಅಲನ್ ಕಾರ್ಮಾಕ್ ಜೊತೆ ಹೌನ್ಸ್‌ಫೀಲ್ಡ್‌ಗೆ ನೊಬೆಲ್ ಬಂತು.

ಇಂದು ಹೊಟ್ಟೆಯ ಮೇಲಿನಿಂದ ಸೊಂಟದ ತಳದವರೆಗೆ 50 ಸೆಂಟಿಮೀಟರ್ ದೂರವನ್ನು ಸಿಟಿ ಯಂತ್ರ 0.625 ಮಿಲಿಮೀಟರ್ ದಪ್ಪದ ಹಲ್ಲೆಗಳಾಗಿ ನೋಡಿದರೆ 800 ಚಿತ್ರ. ಲೇತ್ ತಳದ ಆ ಮೊದಲ ಯಂತ್ರಕ್ಕೆ ಇದನ್ನು ಒಪ್ಪಿಸಿದ್ದರೆ ಏನಾಗುತ್ತಿತ್ತು? 800 ಚಿತ್ರ, ಒಂದೊಂದಕ್ಕೆ 9 ದಿನ. 7,200 ದಿನ, ಸುಮಾರು 20 ವರ್ಷ. ಜೋಡಿಸಲು ಕಂಪ್ಯೂಟರಿಗೆ ಪ್ರತ್ಯೇಕವಾಗಿ 83 ದಿನ. ಇವತ್ತಿನ ಒಳ್ಳೆಯ ಯಂತ್ರ ಆ 800 ಚಿತ್ರಗಳ ಅಳತೆ ಮುಗಿಸುವುದು ಸುಮಾರು 5 ಸೆಕೆಂಡಿನಲ್ಲಿ. ಅಂದರೆ ವೇಗ 12 ಕೋಟಿ ಪಟ್ಟು ಹೆಚ್ಚಿದೆ. ನಡೆದು ಹೋಗುವ ಮನುಷ್ಯನ ವೇಗ ಗಂಟೆಗೆ 5 ಕಿಲೋಮೀಟರ್ ಎಂದುಕೊಳ್ಳಿ. ಅದನ್ನು 12 ಕೋಟಿಯಿಂದ ಗುಣಿಸಿದರೆ ಗಂಟೆಗೆ 60 ಕೋಟಿ ಕಿಲೋಮೀಟರ್, ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು! ಮನುಷ್ಯ ಕಟ್ಟಿದ ಯಂತ್ರಗಳಲ್ಲಿ ಒಂದೇ ಕೆಲಸದಲ್ಲಿ ಇಷ್ಟು ಮುಂದೆ ಹೋದವು ಬಹಳ ಇರಲಾರವು. ಅತಿ ವೇಗದವಂತೂ ಸೆಕೆಂಡಿಗೆ 70 ಸೆಂಟಿಮೀಟರಿಗೂ ಹೆಚ್ಚು ದೂರ ಓಡುತ್ತವೆ. ಅವುಗಳಿಗೆ ಹೊಟ್ಟೆಯೊಂದು ಮುಕ್ಕಾಲು ಸೆಕೆಂಡಿನ ಮಾತು.

ರೋಗಿಗೆ ಕಾಣುವುದು ಒಂದು ದೊಡ್ಡ ಉಂಗುರ, ಕೇಳಿಸುವುದು ಸುಂಯ್ ಎನ್ನುವ ಸದ್ದು. ಆ ಉಂಗುರದ ಮುಚ್ಚಳದ ಹಿಂದೆ ಸುತ್ತುತ್ತಿರುವ ಸಾಮಾನು ಸುಮಾರು ಒಂದು ಟನ್ ತೂಗುತ್ತದೆ. ಮೈಸೂರು ದಸರೆಯ ಚಿನ್ನದ ಅಂಬಾರಿ 750 ಕಿಲೋ. ಅದಕ್ಕಿಂತ ಭಾರವಾದದ್ದು ರೋಗಿಯ ಸುತ್ತ ಸೆಕೆಂಡಿಗೆ ನಾಲ್ಕು ಸುತ್ತು ಹಾಕುತ್ತಿದೆ. ಹೃದಯ ಒಂದು ಸಲ ಬಡಿಯುವುದರೊಳಗೆ ಮೂರು ಸುತ್ತು ಮುಗಿದಿರುತ್ತದೆ. ನಡುಬಿಂದುವಿನಿಂದ 60 ಸೆಂಟಿಮೀಟರ್ ದೂರದಲ್ಲಿ ಸಿಕ್ಕಿಸಿದ ಭಾಗವೊಂದರ ಮೇಲೆ ಬೀಳುವ ಎಳೆತ ಗುರುತ್ವಾಕರ್ಷಣೆಯ 38 ಪಟ್ಟು. ಯುದ್ಧವಿಮಾನದ ಪೈಲಟ್‌ಗಳು ವಿಶೇಷ ಉಡುಪು ತೊಟ್ಟು, ಹಲ್ಲು ಕಚ್ಚಿ ತಡೆದುಕೊಳ್ಳುವುದು 9 ಪಟ್ಟು. ಅವರ ನಾಲ್ಕು ಪಟ್ಟು ಎಳೆತದಲ್ಲಿ ಈ ಯಂತ್ರದ ಎಕ್ಸ್‌ರೇ ಟ್ಯೂಬು ಸೂಜಿಯಷ್ಟೂ ಅಲುಗದೆ ಗುರಿ ಹಿಡಿದು ಕೂತಿರಬೇಕು.

ಟ್ಯೂಬಿನೊಳಗೆ ಹೋದರೆ ಅಂಕಿಗಳು ಇನ್ನೂ ಹುಚ್ಚೆದ್ದು ಕುಣಿಯುತ್ತವೆ. 1,20,000 ವೋಲ್ಟ್ ಒತ್ತಡದಲ್ಲಿ ಹಾರುವ ಎಲೆಕ್ಟ್ರಾನ್‌ನ ವೇಗ ಸೆಕೆಂಡಿಗೆ 1,76,000 ಕಿಲೋಮೀಟರ್. ಸೆಕೆಂಡಿನಲ್ಲಿ ಭೂಮಿಗೆ ನಾಲ್ಕು ಸುತ್ತು ಹಾಕಿ ಐದನೆಯದರಲ್ಲಿರಬಹುದಾದ ವೇಗ. ಅದು ನಿಜವಾಗಿ ಓಡುವುದು ಕೆಲವೇ ಸೆಂಟಿಮೀಟರ್. ಅಷ್ಟು ಸಣ್ಣ ಅಂಗಳದಲ್ಲಿ, ಅರ್ಧ ಆಂಪಿಯರ್ ವಿದ್ಯುತ್ತಿಗೆ, ಸೆಕೆಂಡಿಗೆ 30 ಸಾವಿರ ಕೋಟಿ ಕೋಟಿ ಎಲೆಕ್ಟ್ರಾನ್‌ಗಳು. ಭೂಮಿಯ ಮೇಲಿನ ಎಲ್ಲರಿಗೂ ಸಮನಾಗಿ ಹಂಚಿದರೆ ತಲೆಗೆ 39 ಕೋಟಿ, ಪ್ರತಿ ಸೆಕೆಂಡಿಗೂ. ಹಾಗೆ ಖರ್ಚಾಗುವ ಶಕ್ತಿ 60 ಕಿಲೋವಾಟ್: ತೋಟದಲ್ಲಿ 5 ಎಚ್‌ಪಿಯ ಹದಿನಾರು ಪಂಪ್‌ಸೆಟ್‌ಗಳು ಒಟ್ಟಿಗೆ ಓಡಿದಂತೆ. ಅದರಲ್ಲಿ ಎಕ್ಸ್‌ರೇ ಆಗಿ ಹೊರಬರುವುದು ನೂರಕ್ಕೆ ಒಂದು ಪಾಲು, ಉಳಿದ 99 ಬರೀ ಶಾಖ. ನೂರರಲ್ಲಿ ಆ ಒಂದು ಪಾಲೇ ಜೀವ ಉಳಿಸುವ ಚಿತ್ರ ಬರೆಯುತ್ತದೆ.

ಹಿಡಿಯುವ ಕಡೆಯೂ ಹಾಗೇ. 2007ರಲ್ಲಿ ಬಂದ 320 ಸಾಲಿನ ಯಂತ್ರದಲ್ಲಿ ಸಾಲಿಗೆ 896ರಂತೆ ಒಟ್ಟು 2,86,720 ಸಂವೇದಕಗಳಿವೆ. ಒಂದು ಸುತ್ತಿನಲ್ಲಿ ಸುಮಾರು 900 ಕೋನಗಳಿಂದ ನೋಡಿದರೆ 25 ಕೋಟಿಗೂ ಮೀರಿ ಅಳತೆ. ವಿಂಬಲ್ಡನ್ನಿನ ಮೊದಲ ರೋಗಿಗೆ 5 ನಿಮಿಷದಲ್ಲಿ 28,800 ಅಳತೆ ಸಿಕ್ಕಿತ್ತು. ಇಲ್ಲಿ 25 ಕೋಟಿ, ಕಣ್ಣು ಮಿಟುಕಿಸುವಷ್ಟರಲ್ಲಿ.

ಆದರೂ ಬರೀ ಎಕ್ಸ್‌ರೇಗೆ ಹರಿಯುವ ರಕ್ತಕ್ಕೂ ಹೆಪ್ಪುಗಟ್ಟಿದ ರಕ್ತಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಹೌನ್ಸ್‌ಫೀಲ್ಡರ ಹೆಸರಿನ ಅಳತೆಗೋಲಿನಲ್ಲಿ ಗಾಳಿ ಸೊನ್ನೆಗಿಂತ ಸಾವಿರ ಕೆಳಗೆ, ನೀರು ಸೊನ್ನೆ, ರಕ್ತ ಸುಮಾರು 40. ಅದನ್ನು 300ರ ಆಸುಪಾಸಿಗೆ ಏರಿಸಿದರೆ ನಾಳಗಳು ದೀಪದಂತೆ ಹೊತ್ತಿಕೊಳ್ಳುತ್ತವೆ. ಏರಿಸುವುದು ಅಯೋಡಿನ್. ಮೊಣಕೈಯ ಅಭಿಧಮನಿಗೆ 100 ಮಿಲಿಲೀಟರ್ ಕಾಂಟ್ರಾಸ್ಟ್ ಔಷಧಿ, ಸೆಕೆಂಡಿಗೆ 5 ಮಿಲಿಲೀಟರಿನಂತೆ, 20 ಸೆಕೆಂಡಿನಲ್ಲಿ ಒಳಗೆ.

ಈ 100 ಮಿಲಿಲೀಟರಿನ ಲೆಕ್ಕ ಹಾಕಿದಾಗ ನಾನು ಪೆನ್ನು ಕೆಳಗಿಟ್ಟು ಮತ್ತೊಮ್ಮೆ ಗುಣಿಸಿ ನೋಡಿದೆ. ಅದರಲ್ಲಿರುವ ಅಯೋಡಿನ್ ಸುಮಾರು 35 ಗ್ರಾಂ. ವಯಸ್ಕನಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ. ಹಾಗಾದರೆ ಆ ಸಿರಿಂಜಿನಲ್ಲಿರುವುದು 2,33,000 ದಿನಗಳ ಅಯೋಡಿನ್, ಅಂದರೆ 639 ವರ್ಷದ್ದು! ಅಷ್ಟು ವರ್ಷ ಹಿಂದಕ್ಕೆ ಹೋದರೆ ವಿಜಯನಗರದಲ್ಲಿ ಎರಡನೆಯ ಹರಿಹರ ಆಳುತ್ತಿದ್ದಾನೆ. ಔಷಧಿ ಹೋಗುವ ಪ್ರತಿ ಸೆಕೆಂಡಿಗೂ 32 ವರ್ಷ. ನಮ್ಮ ಅಂಗಡಿಗಳ ಅಯೋಡಿನ್ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕೆಂದು ಕಾನೂನು. ಆ ಉಪ್ಪಿನಿಂದಲೇ 35 ಗ್ರಾಂ ಒಟ್ಟುಮಾಡಲು 2,300 ಕಿಲೋಗೂ ಹೆಚ್ಚು ಉಪ್ಪು ಬೇಕು, ಒಂದು ಸಣ್ಣ ಲಾರಿಯ ಹೊರೆ. ಇಡೀ ದೇಹದಲ್ಲಿ ಸಹಜವಾಗಿ ಇರುವ ಅಯೋಡಿನ್ 15ರಿಂದ 20 ಮಿಲಿಗ್ರಾಂ. ಅದರ ಸುಮಾರು ಎರಡು ಸಾವಿರ ಪಟ್ಟು ಅರ್ಧ ನಿಮಿಷದೊಳಗೆ ರಕ್ತಕ್ಕೆ ಇಳಿಯುತ್ತದೆ, ಮೂತ್ರಪಿಂಡಗಳು ಸರಿಯಾಗಿದ್ದರೆ ಬಹುತೇಕ ಎಲ್ಲವೂ 24 ಗಂಟೆಯಲ್ಲಿ ಹೊರಟುಹೋಗುತ್ತದೆ. ಆರು ಶತಮಾನದ ಅಯೋಡಿನ್ ಒಂದು ಹಗಲು, ಒಂದು ರಾತ್ರಿಯ ಅತಿಥಿ.

ಮೊಣಕೈಯಿಂದ ಹೊರಟ ಔಷಧಿ ಹೃದಯ ಹೊಕ್ಕು, ಶ್ವಾಸಕೋಶ ಸುತ್ತಿ, ಮತ್ತೆ ಹೃದಯಕ್ಕೆ ಬಂದು, ಮಹಾಪಧಮನಿಗೆ ಇಳಿಯುವುದಕ್ಕೆ ಸುಮಾರು 20ರಿಂದ 25 ಸೆಕೆಂಡು. ಯಂತ್ರ ಕಾಯುತ್ತಿರುತ್ತದೆ. ಮೊದಲು ಔಷಧಿಯಿಲ್ಲದೆ ಒಂದು ಸಲ, ಅಪಧಮನಿಗಳು ಬೆಳಗಿದಾಗ ಒಂದು ಸಲ, ಸುಮಾರು 70ನೇ ಸೆಕೆಂಡಿನಲ್ಲಿ ಅಭಿಧಮನಿಗಳು ಮತ್ತು ಕರುಳಿನ ಗೋಡೆ ಬೆಳಗಿದಾಗ ಇನ್ನೊಂದು ಸಲ. ಮೂರು ಸಲಕ್ಕೆ 2,400 ಚಿತ್ರ. ಒಂದೊಂದು ಚಿತ್ರ ಉದ್ದಕ್ಕೆ 512, ಅಡ್ಡಕ್ಕೆ 512 ಚೌಕ. ಅಂದರೆ 2,62,144 ಅಂಕಿ. ಒಟ್ಟು ಸುಮಾರು 63 ಕೋಟಿ ಅಂಕಿಗಳು, ಒಬ್ಬರ ಒಂದು ಹೊಟ್ಟೆಗೆ. ಸೆಕೆಂಡಿಗೆ ಒಂದರಂತೆ, ನಿದ್ದೆಯಿಲ್ಲದೆ ಓದಿದರೆ ಮುಗಿಯಲು ಮತ್ತೆ ಅದೇ 20 ವರ್ಷ. ಪುಟಕ್ಕೆ 500 ಅಂಕಿಯಂತೆ ಅಚ್ಚು ಹಾಕಿಸಿದರೆ 300 ಪುಟದ ಸುಮಾರು 4,200 ಪುಸ್ತಕಗಳು, ಒಂದು ಊರಿನ ಗ್ರಂಥಾಲಯಕ್ಕೆ ಸಾಕಾಗುವಷ್ಟು.

ಆ ಗ್ರಂಥಾಲಯದಲ್ಲಿ ಹುಡುಕಬೇಕಾದದ್ದು ಎಷ್ಟು ದೊಡ್ಡದು? 6 ಮಿಲಿಮೀಟರ್ ದಪ್ಪ, 2 ಸೆಂಟಿಮೀಟರ್ ಉದ್ದದ ಒಂದು ಹೆಪ್ಪು ಎಂದುಕೊಳ್ಳೋಣ. ಒಂದು ಸಲದ ಚಿತ್ರಗಳ 21 ಕೋಟಿ ಅಂಕಿಗಳಲ್ಲಿ ಅದರ ಪಾಲು ಹೆಚ್ಚೆಂದರೆ 1,850. ಅಂದರೆ 1,13,000ದಲ್ಲಿ ಒಂದು. 400 ಪುಟದ ಕಾದಂಬರಿಯಲ್ಲಿ ತಪ್ಪಾಗಿ ಅಚ್ಚಾದ ಒಂದೇ ಒಂದು ಪದ. ಅದನ್ನು ರೇಡಿಯಾಲಜಿಸ್ಟ್ ನಿಮಿಷಗಳಲ್ಲಿ ಹಿಡಿಯುತ್ತಾರೆ! ಬೆಳಗುತ್ತಿರುವ ಬಿಳಿ ನಾಳ ತಟ್ಟನೆ ಕಪ್ಪಾಗಿ ನಿಲ್ಲುವ ಜಾಗ, ಅದರಾಚೆ ಬೆಳಗದೆ ಮಂಕಾಗಿ ಬಿದ್ದಿರುವ ಕರುಳಿನ ಗೋಡೆ. ತಡವಾಗಿದ್ದರೆ ಗೋಡೆಯೊಳಗೇ ಗಾಳಿಯ ಗುಳ್ಳೆಗಳು. 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆಯ ಪ್ರಕಾರ, ಈ ಕಾಯಿಲೆಯಿರುವ 100 ಜನರಲ್ಲಿ 93 ಮಂದಿಯಲ್ಲಿ ಸಿಟಿ ಅದನ್ನು ಹಿಡಿಯುತ್ತದೆ. ಇಲ್ಲದ 100 ಜನರಲ್ಲಿ 96 ಮಂದಿಗೆ ಇಲ್ಲವೆಂದು ಸರಿಯಾಗಿ ಹೇಳುತ್ತದೆ. 1926ರ ನಿರಾಶೆಯ ಪಕ್ಕದಲ್ಲಿ ಈ 93ನ್ನು ಇಟ್ಟು ನೋಡಿದರೆ ಮೈ ಜುಮ್ಮೆನ್ನುತ್ತದೆ.

ವಿಕಿರಣದ ಭಯವೂ ಒಂದು ಅಂಕಿಯೇ. ಹೊಟ್ಟೆಯ ಒಂದು ಸಲದ ಸಿಟಿಯಲ್ಲಿ ಸುಮಾರು 8 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ಸಿಗುವ ಜಾಗತಿಕ ಸರಾಸರಿ ವರ್ಷಕ್ಕೆ 2.4. ಮೂರು ಸಲಕ್ಕೆ ಹತ್ತು ವರ್ಷದ ವಿಕಿರಣ ಒಟ್ಟಿಗೆ. ಸಣ್ಣದೇನಲ್ಲ, ಸುಮ್ಮಸುಮ್ಮನೆ ಮಾಡಿಸುವಂಥದ್ದೂ ಅಲ್ಲ. ಆದರೆ ಎದುರಿಗಿರುವುದು 6 ಗಂಟೆಯ ಗಡುವು, ನೂರಕ್ಕೆ ಅರವತ್ತರ ಸಾವು. ಇಲ್ಲಿ ತೂಗಿ ನೋಡುತ್ತ ಕೂರಲು ಏನೂ ಇಲ್ಲ ಎಂದೇ ನನ್ನ ಅಭಿಪ್ರಾಯ.

6 ಗಂಟೆ ಎಂದರೆ 21,600 ಸೆಕೆಂಡು. ಯಂತ್ರದ ಒಂದು ಓಟಕ್ಕೆ ಬೇಕಾದದ್ದು 5. ಗಡುವಿನ 4,320 ಪಾಲುಗಳಲ್ಲಿ ಒಂದು ಪಾಲು. ಉಳಿದ 4,319 ಪಾಲು ಎಲ್ಲಿ ಹೋಗುತ್ತದೆ? ಗ್ಯಾಸ್ ಇರಬೇಕೆಂದು ಮಾತ್ರೆ ನುಂಗಿ ಮಲಗಿದ ರಾತ್ರಿಯಲ್ಲಿ, ಬೆಳಗಾಗಲಿ ನೋಡೋಣ ಎಂಬ ಮಾತಿನಲ್ಲಿ, ದಾರಿಯಲ್ಲಿ, ಸರದಿಯಲ್ಲಿ. ಹೊಟ್ಟೆಯ ಸ್ಕ್ಯಾನ್‌ಗೆಂದು ಔಷಧಿ ಬೆರೆಸಿದ ನೀರು ಕುಡಿಸಿ ಒಂದು ಗಂಟೆ ಕಾಯಿಸಿದರೆ, ಅಷ್ಟರಲ್ಲಿ 720 ಓಟಗಳು ಮುಗಿಯುತ್ತಿದ್ದವು; ಈ ಕಾಯಿಲೆಯ ಶಂಕೆಯಿದ್ದಾಗ ಆ ನೀರು ಬೇಕಾಗಿಯೂ ಇಲ್ಲ. ಮೂತ್ರಪಿಂಡದ ರಕ್ತಪರೀಕ್ಷೆಯ ವರದಿಗಾಗಿಯೂ ಸ್ಕ್ಯಾನ್ ತಡೆಯಬೇಡಿ ಎನ್ನುತ್ತವೆ ಮಾರ್ಗಸೂಚಿಗಳು. ಜಗತ್ತಿನಲ್ಲಿ ಈಗ ವರ್ಷಕ್ಕೆ ಸುಮಾರು 40 ಕೋಟಿ ಸಿಟಿ ಸ್ಕ್ಯಾನ್‌ಗಳು ನಡೆಯುತ್ತಿವೆ, ಸೆಕೆಂಡಿಗೆ ಹನ್ನೆರಡಕ್ಕೂ ಹೆಚ್ಚು. ಯಂತ್ರಗಳ ಬರವಲ್ಲ, ಸರಿಯಾದ ಹೊತ್ತಿಗೆ ಅವುಗಳೊಳಗೆ ತಲುಪುವುದರ ಬರ.

ಕೊನೆಯದಾಗಿ ಒಂದು ಅಂಕಿ ಉಳಿದಿದೆ. ಕುವೋಪಿಯೊ ನಗರದ ವೈದ್ಯರೇ 2015ರಲ್ಲಿ ಈ ಕಾಯಿಲೆಯ 95 ರೋಗಿಗಳ ಸಿಟಿಗಳನ್ನು ಹಿಂದಿರುಗಿ ಪರಿಶೀಲಿಸಿದರು. ಸ್ಕ್ಯಾನ್‌ಗೆ ಕಳಿಸಿದ ವೈದ್ಯರಿಗೆ ಮೊದಲೇ ಈ ಕಾಯಿಲೆಯ ಅನುಮಾನವಿದ್ದ ರೋಗಿಗಳಲ್ಲಿ ಶೇ 97 ಮಂದಿಯ ಕಾಯಿಲೆ ಸರಿಯಾಗಿ ಪತ್ತೆಯಾಗಿತ್ತು. ಅನುಮಾನವಿಲ್ಲದೆ ಕಳಿಸಿದವರಲ್ಲಿ ಶೇ 81. ಒಂದು ಟನ್ ಭಾರ ಅದೇ ವೇಗದಲ್ಲಿ ಸುತ್ತಿತ್ತು, ಅದೇ 639 ವರ್ಷದ ಅಯೋಡಿನ್ ಹರಿದಿತ್ತು. ಕೋರಿಕೆ ಚೀಟಿಯಲ್ಲಿ ‘ಮೆಸೆಂಟರಿಕ್ ಇಸ್ಕೀಮಿಯಾ?’ ಎಂದು ಬರೆಯುವುದಕ್ಕೆ ಬೇಕಾದದ್ದು ಎರಡು ಪದ, ಒಂದು ಪ್ರಶ್ನೆ ಚಿಹ್ನೆ. ನೂರರಲ್ಲಿ ಹದಿನಾರು ಜನರ ಅಂತರ ಅದು.